ಹಾಗಲಕಾಯಿಯಿಲ್ಲದ ಪೆಟ್ಟಿಗೆ

ಪ್ರತಿ ಶನಿವಾರ ಜಿಗಣಿ ಕಡೆಯ ತೋಟದಿಂದ ನಮ್ಮ ಮನೆಗೆ ತರಕಾರಿ ಪೆಟ್ಟಿಗೆ ಬರುತ್ತದೆ. ಚಂದಾದಾರರಾಗಿದ್ದವರು ನನ್ನ ಗಂಡ. ಆಯಾ ಕಾಲದಲ್ಲಿ ಬೆಳೆದದ್ದೆಲ್ಲ ಬರುತ್ತಿತ್ತು. ನನಗೆ ಪ್ರಾಣವಾದ ಹಾಗಲಕಾಯಿ ಮಾತ್ರ ಒಮ್ಮೆಯೂ ಬರಲಿಲ್ಲ. "ಆ ಮಣ್ಣಲ್ಲಿ ಬೆಳೆಯಲ್ಲ ಕಣೇ," ಎನ್ನುತ್ತಿದ್ದರು.

ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ, ಪೆಟ್ಟಿಗೆ ತರುವ ತೋಟದಾಕೆಯನ್ನೇ ಕೇಳಿದೆ.

"ರಾಶಿ ಬೆಳೀತೀವಿ ಕಣಕ್ಕ. ತಿಂದ್ರೆ ನಿಮ್ಗೆ ಮೈಯೆಲ್ಲಾ ಗಂದೆ ಏಳ್ತದೆ ಅಂತ ಯಜಮಾನ್ರು ಬರೆಸವ್ರಲ್ಲ?"

ಹಾಗಲಕಾಯಿ ಕಂಡರೆ ಆಗದಿದ್ದುದು ಅವರಿಗೆ. ಅವರು ಹೋದ ಮೇಲೆ ಮೊದಲ ಸಲ ನಕ್ಕೆ.

"ಹೊಡೆದಾಕ್ಲಾ?" ಆಕೆ ಪುಸ್ತಕ ತೆಗೆದಳು.

ಹೊಡೆದುಹಾಕಿದರೆ ಅವರು ಸುಳ್ಳುಗಾರರಾಗುತ್ತಾರೆ. "ಬೇಡಮ್ಮ, ಈಗಲೂ ಗಂದೆ ಏಳುತ್ತೆ," ಎಂದೆ.

ಹಾಗಲಕಾಯಿಯನ್ನು ಈಗ ತಳ್ಳುಗಾಡಿಯಲ್ಲಿ ಕೊಳ್ಳುತ್ತೇನೆ. ಶನಿವಾರ ಆಕೆ ಬರುವ ಹೊತ್ತಿಗೆ ಅದರ ಮೇಲೊಂದು ಟವೆಲ್ ಹೊದಿಸುತ್ತೇನೆ.