ಯಾವ ಕೈ ತಿರುಗಿಸಬೇಕು

ನನಗೆ ಸಲಹೆ ಕೊಡುವ ಚಟ ಇತ್ತು. ಈಗ ಇಲ್ಲ. ಯಾರಾದರೂ ದಾರಿ ಕೇಳಿದರೂ ಗೊತ್ತಿಲ್ಲ ಅಂದುಬಿಡುತ್ತೇನೆ.

ನಾನು ಭೋಜ ಊರಿನವನು, ತಾಲೀಮಿನ, ಅಂದರೆ ಗರಡಿಯ, ಮಣ್ಣಿನಲ್ಲಿ ಕುಸ್ತಿ ಆಡಿ ಬೆಳೆದವನು. ಕುಸ್ತಿ ಬಿಟ್ಟ ಮೇಲೆ ಮೈ ಸುಮ್ಮನಿರಲಿಲ್ಲ, ನಿಪ್ಪಾಣಿಯ ಒಂದು ಜಿಮ್ಮಿಗೆ ಹೋಗತೊಡಗಿದೆ. ಅಲ್ಲೇ ಅವನು ದೋಸ್ತನಾದದ್ದು. ಮುಸಲ್ಮಾನರವನು, ಟೇಲರ್, ಪೇಟೆಯಲ್ಲಿ ಸ್ವಂತದ ಸಣ್ಣ ಅಂಗಡಿ. ಅಳತೆ ತೆಗೆದು, ಬಟ್ಟೆಯ ಮೇಲೆ ನಾಲ್ಕು ಗೆರೆ ಎಳೆದು ಕತ್ತರಿ ಇಟ್ಟನೆಂದರೆ ಈ ತುದಿಯಿಂದ ಆ ತುದಿಯವರೆಗೆ ಕೈ ನಿಲ್ಲುತ್ತಿರಲಿಲ್ಲ. ಐದು ಜನರ ಮನೆ ಆ ಬಲಗೈ ಮೇಲೆ ನಡೆಯುತ್ತಿತ್ತು.

ಚಿಕ್ಕೋಡಿಯಲ್ಲಿ ಭಾರ ಎತ್ತುವ ಸ್ಪರ್ಧೆ ಇದೆಯೆಂದು ತಿಳಿದದ್ದೇ ಅವನಿಗೆ ಹುಚ್ಚು ಹಿಡಿಯಿತು. ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ರಾಡು ಹಿಡಿದು ನೆಟ್ಟಗೆ ನಿಲ್ಲುವುದರಲ್ಲಿ, ನೂರಾ ಎಂಬತ್ತು ಕಿಲೋ ಎತ್ತಲೇಬೇಕು ಅಂತ. ಸೊಂಟ, ಕಾಲು ಗಟ್ಟಿ ಇದ್ದವು. ಹಿಡಿತ ಮಾತ್ರ ಸಾಲುತ್ತಿರಲಿಲ್ಲ. ಎರಡೂ ಅಂಗೈ ಹಿಂದಕ್ಕೆ, ತನ್ನ ಕಡೆಗೆ ಮಾಡಿ ಹಿಡಿದರೆ ನೂರಾ ಐವತ್ತಕ್ಕೇ ಬೆರಳು ಬಿಚ್ಚಿಕೊಂಡು ರಾಡು ಜಾರುತ್ತಿತ್ತು. ಮಣಿಕಟ್ಟಿಗೆ ಪಟ್ಟಿ ಸುತ್ತಿ ಎತ್ತಬಹುದು, ಆದರೆ ಸ್ಪರ್ಧೆಯಲ್ಲಿ ಪಟ್ಟಿ ನಡೆಯುವುದಿಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಸಿಕ್ಕಿಸಿ ಹಿಡಿಯುವುದನ್ನೂ ನೋಡಿದ. "ಉಗುರ ಕಿತ್ತ ಬರ್ತೈತಿ ದೋಸ್ತಾ, ಆಮ್ಯಾಲ ಸೂಜಿ ಹೆಂಗ ಹಿಡೀಲಿ?" ಎಂದು ಬಿಟ್ಟ. ಉಳಿದದ್ದು ಒಂದೇ ದಾರಿ. ಒಂದು ಅಂಗೈ ಹಿಂದಕ್ಕೆ, ಇನ್ನೊಂದನ್ನು ತಿರುಗಿಸಿ ಮುಂದಕ್ಕೆ. ಹಾಗೆ ಹಿಡಿದರೆ ರಾಡು ಕೈಯೊಳಗೆ ಉರುಳುವುದಿಲ್ಲ. ಆದರೆ ತಿರುಗಿಸಿದ ಕೈಯ ರಟ್ಟೆಗೆ ಎಳೆತ ಜಾಸ್ತಿ.

"ಎಡಗೈ ತಿರುವ್ತೀನಿ," ಅಂದ ಅವನು. "ಏನರ ಆದ್ರೂ ಕತ್ತರಿ ಹಿಡಿಯೋ ಕೈಗೆ ಆಗಬಾರದು."

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ನನ್ನ ತಲೆಯಲ್ಲಿ ತಾಲೀಮು ಕೂತಿತ್ತು. ಅಲ್ಲಿ ವಸ್ತಾದರು, ಅಂದರೆ ಕುಸ್ತಿ ಕಲಿಸುವವರು, ಕೊಡುವ ಹಿಡಿ ಮಣ್ಣನ್ನು ಬಲ ಅಂಗೈ ಒಡ್ಡಿಯೇ ತೆಗೆದುಕೊಳ್ಳಬೇಕು. ಒಮ್ಮೆ ಮರೆತು ಎಡಗೈ ಚಾಚಿದ್ದಕ್ಕೆ ಅವರು ಆ ದಿನ ನನ್ನನ್ನು ಮಣ್ಣಿಗೇ ಇಳಿಸಿರಲಿಲ್ಲ.

"ಎಡ ಅಂಗೈ ಒಡ್ಡಿ ಯಾರರ ಏನರ ತಗೋತಾರೇನಲೇ?" ಅಂದೆ. "ಕಬ್ಬಿಣಕ್ಕೂ ಒಂದ ಮರ್ಯಾದಿ ಇರ್ತೈತಿ. ಬಲಗೈ ಒಡ್ಡು, ತಾನಾ ಎದ್ದ ಬರ್ತೈತಿ."

ಅವನು ನಕ್ಕ. "ಅದೂ ಖರೇನ. ಎಡಗೈ ಚಾಚಿದ್ರ ನಮ್ಮ ಅಮ್ಮಾ ಕೈಮ್ಯಾಲ ಹೊಡೀತಿದ್ಲು." ಬಲಗೈ ತಿರುಗಿಸಿ ಹಿಡಿದ. ಎರಡು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ನೋಡ್ರಿ ನನ್ನ ತಾಲೀಮಿನ ಬುದ್ಧಿ ಎಂದು ಜಿಮ್ಮಿನವರ ಮುಂದೆಲ್ಲ ಮೆರೆದೆ. ಮೂರ್ಖ.

ಸ್ಪರ್ಧೆಗೆ ಎಂಟು ದಿನ ಇರುವಾಗ ನೂರಾ ಎಪ್ಪತ್ತೈದು ಹಾಕಿದೆವು. ರಾಡು ಮೊಣಕಾಲು ದಾಟಿತ್ತು. ಹಸಿ ಟೊಂಗೆ ಮುರಿದ ಹಾಗೆ ಟಕ್ ಅಂದಿತು. ಅವನು ರಾಡು ಬಿಟ್ಟ. ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದ. ರಟ್ಟೆಯ ಮಾಂಸ ಮೇಲಕ್ಕೆ ಸರಿದು ಗಡ್ಡೆಯಾಗಿ ಕೂತಿತ್ತು.

ಆಗಲೂ ನಾನೇ ಶಾಣ್ಯಾ. "ನರ ಸರದೈತಿ, ಎಣ್ಣಿ ತಿಕ್ಕಿದ್ರ ಇಳೀತೈತಿ," ಅಂದೆ. ತಾಲೀಮಿನಲ್ಲಿ ಎಷ್ಟು ಜನರ ಕೈಕಾಲು ತಿಕ್ಕಿರಲಿಲ್ಲ ನಾನು? ದಿನಾ ಸಂಜೆ ಅವನ ಅಂಗಡಿಗೆ ಹೋಗಿ, ಎಣ್ಣೆ ಹಚ್ಚಿ, ಆ ಗಡ್ಡೆಯನ್ನು ಕೆಳಕ್ಕೆ ಕೆಳಕ್ಕೆ ನೀವುತ್ತಿದ್ದೆ. ಅವನು ಹಲ್ಲು ಕಚ್ಚಿ ಕೂತಿರುತ್ತಿದ್ದ. ಕೇಳಿದರೆ "ಆರಾಮ ಅನಸಾಕತ್ತೈತಿ" ಅನ್ನುತ್ತಿದ್ದ. ಒಂದೂವರೆ ತಿಂಗಳು ಹೀಗೇ ಕಳೆದು ಕೊನೆಗೆ ಮಿರಜಿನ ದವಾಖಾನೆಗೆ ಹೋದೆವು. ರಟ್ಟೆಯನ್ನು ಎಲುಬಿಗೆ ಕಟ್ಟುವ ಹುರಿ ಹರಿದು, ಮೇಲೆ ಹೋಗಿ ಅಂಟಿಕೊಂಡಿದೆ ಎಂದರು ಡಾಕ್ಟರು. ಮೊದಲ ವಾರವೇ ಬಂದಿದ್ದರೆ ಜೋಡಿಸಬಹುದಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. 

ಕೈ ಇದೆ. ಊಟ ಮಾಡುತ್ತಾನೆ, ಮೊಬೈಲ್ ಹಿಡಿಯುತ್ತಾನೆ. ಆದರೆ ದಪ್ಪ ಬಟ್ಟೆಗೆ ದೊಡ್ಡ ಕತ್ತರಿ ಹಾಕಿದರೆ ನಡುದಾರಿಯಲ್ಲೇ ಕೈ ಸೋತು ಗೆರೆ ಬಿಟ್ಟು ಹೋಗುತ್ತದೆ. ಎರಡು ಸಲ ಗಿರಾಕಿಗಳ ಬಟ್ಟೆ ಕೆಟ್ಟ ಮೇಲೆ ಅಂಗಡಿ ಮುಚ್ಚಿದ. ಈಗ ಇನ್ನೊಬ್ಬರ ಅಂಗಡಿಯಲ್ಲಿ ಕೂತು, ಇನ್ನೊಬ್ಬರು ಕತ್ತರಿಸಿ ಕೊಟ್ಟದ್ದನ್ನು ಹೊಲಿಯುತ್ತಾನೆ. ಏನಾಯಿತು ಎಂದು ಯಾರಾದರೂ ಕೇಳಿದರೆ "ನಂದ ತಪ್ಪು, ಸರಿ ಹಿಡೀಲಿಲ್ಲ" ಅನ್ನುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎಲ್ಲಿಯಾದರೂ ಹಾಳಾಗಿ ಹೋಗಬೇಕು ಅನ್ನಿಸುತ್ತದೆ. ಜಿಮ್ಮು ಬಿಟ್ಟಿದ್ದೇನೆ. ಅದರಿಂದ ಯಾರಿಗೆ ಏನು ಬಂತು?

ಮೊನ್ನೆ ಮಧ್ಯಾಹ್ನ ತಡೆಯಲಾರದೆ ಅವನ ಹತ್ತಿರ ಹೋಗಿ ಕೂತೆ. ಒಬ್ಬನೇ ಇದ್ದ.

"ಎಲ್ಲಾರ ಮುಂದ ಯಾಕ ಸುಳ್ಳ ಹೇಳ್ತಿ?" ಅಂದೆ. "ತಪ್ಪ ನಂದು. ಬಲಗೈ ತಿರುವು ಅಂದಾಂವ ನಾನು. ಎಣ್ಣಿ ತಿಕ್ಕಿ ತಿಕ್ಕಿ ದವಾಖಾನಿಗೆ ಹೋಗದಂಗ ಮಾಡಿದಾಂವನೂ ನಾನ."

ಹಂಗೇನಿಲ್ಲ ಬಿಡು ಅನ್ನುತ್ತಾನೆಂದು ಕಾದೆ. ಆ ಒಂದು ಮಾತಿಗಾಗಿಯೇ ಹೋಗಿದ್ದೆ ಅಂತ ಈಗ ತಿಳಿಯುತ್ತಿದೆ.

ಅವನು ಮಷಿನ್ ನಿಲ್ಲಿಸಿದ. "ಮೂರನೇ ದಿನಾನ ಗೊತ್ತಾಗಿತ್ತು ನನಗ, ಹರದೈತಿ ಅಂತ," ಅಂದ. "ಮೊಬೈಲದಾಗ ನೋಡಿದ್ದೆ. ಇವತ್ತ ಹೇಳೋಣು, ನಾಳೆ ಹೇಳೋಣು ಅಂತ ದಿನಾ ಅನ್ಕೋತಿದ್ದೆ. ನೀ ಹೊಲದ ಕೆಲಸಾ ಬಿಟ್ಟ ಭೋಜದಿಂದ ಎಣ್ಣಿ ತಗೊಂಡ ಓಡಿ ಬರ್ತಿದ್ದಿ. ನಿನ್ನ ಮಾರಿ ನೋಡಿ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಮತ್ತೆ ಮಷಿನ್ ತುಳಿಯತೊಡಗಿದ. ಬೈದಿದ್ದರೆ ಎದ್ದು ಬರುತ್ತಿದ್ದೆ. ಏಳಲು ನನ್ನಿಂದ ಆಗಲಿಲ್ಲ.