ಕೆಂಪು ಡಬ್ಬಿಯ ಚಹಾಪುಡಿ

ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲಿ ಒಂದು ಕೆಂಪು ತಗಡಿನ ಡಬ್ಬಿ ಇದೆ. ಅದರ ಮೇಲೆ ದೊಡ್ಡ ಕಂಪನಿಯೊಂದರ ಹೆಸರಿದೆ. ಒಳಗೆ ಆ ಕಂಪನಿಯ ಚಹಾಪುಡಿ ಒಂದು ಚಿಟಿಕೆಯೂ ಇಲ್ಲ. ನಾಲ್ಕು ವರ್ಷದಿಂದ ಇಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೆ, ಈಗ ಇಬ್ಬರಿದ್ದೇವೆ.

ಶಹಾಪುರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಚಹಾದ ಕಟ್ಟುನಿಟ್ಟು ನೋಡುತ್ತ ಬಂದಿದ್ದೇನೆ. ಎಣ್ಣೆ, ಬೇಳೆ, ಸಾಬೂನು ಯಾವುದಾದರೂ ನಡೆಯುತ್ತದೆ, ಚಹಾಪುಡಿ ಮಾತ್ರ ಅದೇ ಕಂಪನಿಯದಾಗಬೇಕು. ಆ ಕೆಂಪು ಡಬ್ಬಿಯನ್ನು ಮಾವ ಬದುಕಿದ್ದಾಗ ಹೈದರಾಬಾದಿನಿಂದ ತಂದಿದ್ದರಂತೆ. ಪ್ಯಾಕೆಟ್ ತಂದು ಅದಕ್ಕೇ ತುಂಬಿಕೊಳ್ಳುವುದು ಪದ್ಧತಿ. ನನ್ನ ತವರು ಸೈದಾಪುರ. ನಾವು ಸಂತೆಯ ಬಿಡಿ ಪುಡಿ ಕುಡಿದು ಬೆಳೆದವರು. ಸೈದಾಪುರದವರಿಗೆ ಚಹಾ ಬಿಸಿ ಇದ್ದರೆ ಸಾಕು, ರುಚಿ ಯಾರಿಗೆ ಬೇಕು ಎಂದು ಅತ್ತೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ತವರಿನಿಂದ ಬರುವಾಗ ಯಾದಗಿರಿಯಲ್ಲಿ ರೈಲು ಇಳಿದು ಬಸ್ಸು ಹಿಡಿಯಬೇಕು. ದಾರಿಯಲ್ಲಿ ಒಂದು ಮಾರ್ಟ್ ಇದೆ. ದೊಡ್ಡ ಕಂಪನಿಗಳ ಸರಕು ಕಣ್ಣಿನ ಮಟ್ಟಕ್ಕೆ, ಮಾರ್ಟಿನವರು ತಮ್ಮದೇ ಹೆಸರು ಹಾಕಿಕೊಂಡದ್ದು ಕಾಲಿನ ಮಟ್ಟಕ್ಕೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಚಹಾಪುಡಿಗೆಂದು ಮೇಲಿನ ಸಾಲಿಗೆ ಕೈ ಚಾಚಿದವಳು ಏನನ್ನಿಸಿತೋ, ಬಗ್ಗಿ ಕೆಳಗಿನದನ್ನು ತೆಗೆದುಕೊಂಡೆ. ಅಗ್ಗ ಎನ್ನುವುದು ಒಂದು ಕಾರಣ. ಅತ್ತೆಯ ನಾಲಿಗೆಯನ್ನೊಮ್ಮೆ ಪರೀಕ್ಷೆ ಮಾಡೋಣ ಎನ್ನುವ ಕೊಬ್ಬು ದೊಡ್ಡ ಕಾರಣ.

ಮರುದಿನ ಮುಂಜಾನೆ ಅತ್ತೆ ಒಂದು ಗುಟುಕು ಕುಡಿದು, “ಇವತ್ತ ನೋಡು, ಚಹಾ ಚಹಾ ಆಗ್ಯಾದ” ಎಂದರು. ನಾನು ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ನಿಜ ಹೇಳಿ ಅವರನ್ನೂ ನಗಿಸಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅತ್ತೆ ಅವರಿಗೂ ಅದೇ ಚಹಾ ಕುಡಿಸಿ ಕಂಪನಿಯನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಹೇಳುವ ಹಾಗಿರಲಿಲ್ಲ. ಇರಲಿ, ಮುಂದಿನ ತಿಂಗಳು ಅಸಲಿಯದನ್ನೇ ತಂದು ಸುಮ್ಮನಾಗೋಣ ಎಂದುಕೊಂಡು ತಂದೆ. ಅತ್ತೆ ಮೂಗು ಮುರಿದರು. ಇದೇನು ಬರೀ ನೀರು ಕುದಿಸಿ ಕೊಟ್ಟಿದ್ದೀಯಾ ಎಂದು ಕೇಳಿದರು. ಆ ಪುಡಿಯನ್ನು ಭಾಂಡೆ ತೊಳೆಯುವಾಕೆಗೆ ಕೊಟ್ಟು ಮತ್ತೆ ಯಾದಗಿರಿ ಬಸ್ಸು ಹತ್ತಿದೆ. ನಾನು ಸಿಕ್ಕಿಬಿದ್ದದ್ದು ಅವತ್ತೇ.

ಅಲ್ಲಿಂದ ತಿಂಗಳಿಗೊಮ್ಮೆ ತವರಿನ ನೆಪ. ಬಿಸಿಲಿರಲಿ, ಜ್ವರವಿರಲಿ, ತವರಲ್ಲಿ ಯಾರೂ ಇಲ್ಲದಿರಲಿ, ಹೋಗಲೇಬೇಕು. ಈಕೆಗೆ ತವರಿನ ಹುಚ್ಚು ಎಂದು ಗಂಡ ತಮಾಷೆ ಮಾಡಿದರೆ ಹಲ್ಲು ಕಿರಿಯುತ್ತಿದ್ದೆ. ಪ್ಯಾಕೆಟ್ಟನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡಬೇಕು. ಅತ್ತೆ ಸ್ನಾನಕ್ಕೆ ಹೋದಾಗ ಕೆಂಪು ಡಬ್ಬಿಗೆ ಸುರಿಯಬೇಕು. ಖಾಲಿ ಕವರನ್ನು ನಮ್ಮ ಓಣಿ ದಾಟಿ ಎಸೆಯಬೇಕು. ಇಷ್ಟು ಕಳ್ಳತನ ಮಾಡಿ ಉಳಿಸಿದ್ದು ದಾರಿಖರ್ಚಿಗೂ ಸಾಲುತ್ತಿರಲಿಲ್ಲ.

ಇದೆಲ್ಲ ನನ್ನೊಬ್ಬಳ ಪಾಡಾಗಿದ್ದರೆ ನಡೆಯುತ್ತಿತ್ತು. ಸುರಪುರಕ್ಕೆ ಕೊಟ್ಟ ನನ್ನ ನಾದಿನಿ ಹೋದ ವರ್ಷ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಎಲ್ಲರೂ ಹೋದೆವು. ತವರಿನಂತೆ ಅವಳ ಮನೆಯಲ್ಲೂ ದಿನಾ ಆ ಕಂಪನಿಯದೇ ಚಹಾ, ತಾಯಿ ಬರುತ್ತಾಳೆಂದು ಹೊಸ ಪ್ಯಾಕೆಟ್ಟನ್ನೇ ತರಿಸಿದ್ದಳು. ಪಡಸಾಲೆಯ ತುಂಬ ಬೀಗರು ಕೂತಿದ್ದರು. ಅತ್ತೆ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

“ಈ ನಕಲಿ ಪುಡಿ ಎಲ್ಲಿಂದ ತಂದಿ? ನಿಮ್ಮ ವೈನಿನ್ನ ಕೇಳಿ ಕಲ್ತಕೋ.”

ನಾದಿನಿಯ ಮುಖ ಸಣ್ಣದಾಯಿತು. ಅಂದರೆ ನಮಗೆ ಇಷ್ಟು ದಿನ ನಕಲಿ ಕುಡಿಸಿದಿ ಎಂದು ಅವಳ ಅತ್ತೆ ನಗುತ್ತಲೇ ಕುಟುಕಿದರು. ಅವಳ ವೈನಿ, ಅಂದರೆ ಅತ್ತಿಗೆಯಾದ ನಾನು, ಬಾಯಲ್ಲಿ ಕಡುಬು ತುರುಕಿಕೊಂಡವಳಂತೆ ನಿಂತೆ. ಒಂದು ಮಾತು ಆಡಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಅವಳು ತಾಯಿಗೆ ಫೋನು ಮಾಡುವುದನ್ನೇ ಬಿಟ್ಟಳು. ಒಂದೂವರೆ ತಿಂಗಳ ಮೇಲೆ ಹೇಳದೆ ಕೇಳದೆ ಶಹಾಪುರಕ್ಕೆ ಬಂದಳು. ಚೀಲದಲ್ಲಿ ಒಡೆಯದ ಹೊಸ ಪ್ಯಾಕೆಟ್ ಇತ್ತು. ಎರಡೂ ಮನೆಯ ಪುಡಿ ಅವ್ವನ ಮುಂದೆಯೇ ಕುದಿಸುತ್ತೇನೆ, ನನ್ನದು ಅಸಲಿ ಹೌದೋ ಅಲ್ಲವೋ ಅವಳೇ ಹೇಳಲಿ ಎಂದಳು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕುರ್ಚಿ ಹಾಕಿಸಿಕೊಂಡರು.

ಅವಳು ತನ್ನ ಪ್ಯಾಕೆಟ್ ಕತ್ತರಿಸಿ ಅಂಗೈಗೆ ಒಂದಿಷ್ಟು ಸುರಿದುಕೊಂಡಳು. ಆಮೇಲೆ ನಮ್ಮ ಕೆಂಪು ಡಬ್ಬಿಯ ಮುಚ್ಚಳ ತೆಗೆದಳು. ಅವಳದು ದುಂಡನೆಯ ಕಾಳು. ನಮ್ಮದು ಸಣ್ಣ ನುಚ್ಚು. ಕುದಿಸುವುದಕ್ಕೆ ಮೊದಲೇ ಎಲ್ಲ ಗೊತ್ತಾಗಿಹೋಯಿತು. ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು.

ಏನಾಯಿತು ಎಂದು ಅತ್ತೆ ಕೇಳಿದರು.

“ಏನಿಲ್ಲವ್ವ, ನಂದ ನಕಲಿ ಅದ” ಎಂದು ನಾದಿನಿ ಡಬ್ಬಿ ಮುಚ್ಚಿದಳು. “ಅಂಗಡ್ಯಾವ ಮೋಸ ಮಾಡ್ಯಾನ.”

ಅತ್ತೆ ಗೆದ್ದ ಖುಷಿಯಲ್ಲಿ ಮಗಳ ತಲೆ ಸವರಿದರು, ಮೊದಲೇ ಹೇಳಿದ್ದೆನಲ್ಲ ಎಂದರು. ನಾದಿನಿಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ನಾನು ದಾರಿಯುದ್ದಕ್ಕೂ ತಪ್ಪಾಯಿತು ಅನ್ನಲು ನೋಡಿದೆ. ಅವಳು ಕೈಯೆತ್ತಿ ತಡೆದಳು.

“ಬ್ಯಾಡ್ರಿ ವೈನಿ. ಅವ್ವ ದಿನಾ ನಿಮ್ಮ ಕೈಯಾಗಿನ ಚಹಾನೇ ಕುಡಿಬೇಕಲ್ರಿ.”

ಬಸ್ಸು ಹತ್ತುವಾಗ ತಿರುಗಿ ನೋಡಿ, ಇನ್ನು ಮೇಲೆ ತಮ್ಮ ಮನೆಗೂ ಅದೇ ಪುಡಿ ಕಳಿಸಬೇಕು, ಅವ್ವ ಬಂದಾಗ ಬೀಗರ ಮುಂದೆ ಮತ್ತೆ ಮಾತು ಬರಬಾರದು ಎಂದಳು. ಆಗಲಿ ಎಂದೆ. ಬೇರೆ ಏನು ಅನ್ನಲಿ? ಸುರಪುರದಲ್ಲಿ ನಾದಿನಿಯ ಮನೆಯವರು ಹಳೆಯ ಅಂಗಡಿಯವನ ವ್ಯವಹಾರ ಬಿಟ್ಟರೆಂದು ಆಮೇಲೆ ಗೊತ್ತಾಯಿತು. ಆ ಪಾಪದವನು ಯಾರಿಗೂ ಮೋಸ ಮಾಡಿರಲಿಲ್ಲ.

ದೀಪಾವಳಿಗೆ ಅತ್ತೆ ಅಲ್ಲಿಗೆ ಹೋಗಿ ಚಹಾ ಕುಡಿದು, ಈಗ ನನ್ನ ಮಗಳು ಕಲಿತಳು ಎಂದು ಎಲ್ಲರ ಮುಂದೆ ಹೇಳಿ ಬಂದರು. ಮೊನ್ನೆ ನಾದಿನಿ ಫೋನು ಮಾಡಿದ್ದಳು. ಅವಳ ಗಂಡನಿಗೆ ಹೊಸ ಚಹಾ ಹಿಡಿಸಿಲ್ಲವಂತೆ. ಮೊದಲಿನದೇ ಚೆನ್ನಾಗಿತ್ತು, ಅದನ್ನೇ ತರುತ್ತೇನೆ ಎನ್ನುತ್ತಾನಂತೆ. ಅವಳ ದನಿಯಲ್ಲಿ ದೂರು ಇರಲಿಲ್ಲ.

“ಅವರಿಗೆ ಏನಂತ ಹೇಳ್ಲಿರಿ, ವೈನಿ?” ಎಂದು ಕೇಳಿದಳು.

ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟೆ. ಮರುದಿನ ಯಾದಗಿರಿಗೆ ಹೋಗಿ, ಬಗ್ಗಿ, ನಮಗೊಂದು ಅವರಿಗೊಂದು ಎಂದು ಎರಡು ಪ್ಯಾಕೆಟ್ ತೆಗೆದುಕೊಂಡು ಬಂದೆ.