ಕುರಿ ಬಲೆ ಕಟ್ಟಿದ ಗೋಲ್‌ಪೋಸ್ಟು

ಮಧುಗಿರಿ ಟೀಮಿನ ಕೈಗೆ ಬಂದ ಕಪ್ಪನ್ನು ಸಿರಾದವರಿಗೆ ಕೊಡಿಸಿದವನು ಎಂದು ನನ್ನನ್ನು ಬೆರಳು ಮಾಡಿ ತೋರಿಸುವವರು ಇನ್ನೂ ಇದ್ದಾರೆ. ತೋರಿಸಲಿ. ನಡೆದದ್ದನ್ನು ನಾನೇ ಬರೆಯುತ್ತೇನೆ.

ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ಮಿಡಿಗೇಶಿ ಕಡೆ ಮನೆಯ ಕುರಿ ಕಾದೆ. ಮೀಸೆ ಬಂದ ಮೇಲೆ ಮಧುಗಿರಿಯಲ್ಲಿ ಕಡಲೆಕಾಯಿ ಮೂಟೆ ಹೊತ್ತೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಆದರೆ ಮ್ಯಾಚಿದ್ದ ದಿನ ಮಾತ್ರ ಯಾರೇ ಕರೆದರೂ ಮೂಟೆ ಮುಟ್ಟುತ್ತಿರಲಿಲ್ಲ. ಚೆಂಡು ಒದ್ದು ಗೊತ್ತಿಲ್ಲ. ಗೆರೆಯ ಪಕ್ಕ ನಿಂತು ಕೂಗುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಆಗೆಲ್ಲ ಗೋಲ್‌ಪೋಸ್ಟೆಂದರೆ ಮೂರು ಸರ್ವೆ ಗಳ, ಅಷ್ಟೆ. ಹಿಂದೆ ಬಲೆ ಇರುತ್ತಿರಲಿಲ್ಲ. ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬ ಜಗಳವಿಲ್ಲದೆ ಒಂದು ಮ್ಯಾಚೂ ಮುಗಿದದ್ದಿಲ್ಲ. ಕೊರಟಗೆರೆಯವರ ಜೊತೆ ಒಮ್ಮೆ ಇದೇ ವಿಷಯಕ್ಕೆ ಹೊಡೆದಾಟವಾಗಿ ಆಟವೇ ನಿಂತುಹೋಯಿತು. ನನಗೆ ರೋಸಿಹೋಯಿತು. ಹೊಲದಲ್ಲಿ ಕುರಿ ತರುಬುವಾಗ ಮಂದೆಯ ಸುತ್ತ ಕಟ್ಟುವ ಬಲೆಗಳು ನಮ್ಮ ಮನೆಯಲ್ಲಿದ್ದವು. ಎತ್ತರ ಸಾಲದೆಂದು ಒಂದರ ಮೇಲೊಂದು ಸೇರಿಸಿ ಹೊಲಿದು, ಬಸ್ಸಿನ ಮೇಲೆ ಹಾಕಿಕೊಂಡು ಬಂದು, ಫೈನಲ್ ದಿನ ಬೆಳಗ್ಗೆ ಎರಡೂ ಪೋಸ್ಟಿಗೆ ಕಟ್ಟಿದೆ. ಎದುರಾಳಿ ಸಿರಾ.

ಆಟ ಇನ್ನೇನು ಮುಗಿಯಬೇಕು, ಯಾರದೂ ಗೋಲಿಲ್ಲ. ಸಿರಾದವನೊಬ್ಬ ದೂರದಿಂದ ಬೀಸಿ ಒದ್ದ. ಧೂಳೆದ್ದಿತು. ಧೂಳು ಇಳಿದಾಗ ಚೆಂಡು ಬಲೆಯ ಹಿಂದೆ, ಬಯಲಲ್ಲಿ ಬಿದ್ದಿತ್ತು. ಬಲೆಯಲ್ಲಿ ನಾನು ಹಾಕಿದ್ದ ಹೊಲಿಗೆ ಒಂದು ಮೊಳ ಕಿತ್ತುಹೋಗಿತ್ತು. ಅದು ಮೊದಲೇ ಹರಿದಿತ್ತು, ಚೆಂಡು ಕಂಬದ ಹೊರಗಿನಿಂದ ಹೋಯಿತು ಎಂದು ನಮ್ಮವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ರೆಫರಿಯಾಗಿದ್ದ ಡ್ರಿಲ್ ಮೇಷ್ಟ್ರಿಗೆ ಏನೂ ಕಂಡಿರಲಿಲ್ಲ. ಬಲೆ ಯಾರದೆಂದು ಕೇಳಿ ನನ್ನನ್ನು ಕರೆದರು.

ಆ ಚೆಂಡನ್ನು ಕಾಲ ಸಂದಿಯಲ್ಲಿ ಬಿಟ್ಟಿದ್ದ ನಮ್ಮ ಬ್ಯಾಕ್ ಆಟಗಾರ, ನನ್ನ ಓರಗೆಯವನೇ, ಕಿವಿಯ ಹತ್ತಿರ ಬಂದ. "ಲೇ, ಮೊದ್ಲೇ ಹರ್ದಿತ್ತು ಅನ್ಬುಡ್ಲಾ. ಅಷ್ಟೇ ಸಾಕು."

ಆ ಕಪ್ಪು ನನಗೂ ಬೇಕಿತ್ತು. ಮೆರವಣಿಗೆಗೆ ತಮಟೆಯವರಿಗೆ ಹೇಳಿ ಬಂದಿದ್ದವನೂ ನಾನೇ. ಕಿತ್ತ ಹುರಿಯ ತುದಿ ಹಿಡಿದು ನೋಡಿದೆ. ಹೊರಗೆಲ್ಲ ಮಣ್ಣು ಬಣ್ಣ, ಕಿತ್ತ ಜಾಗದಲ್ಲಿ ಹೊಸ ಬಿಳುಪು.

"ಬೆಳಗ್ಗೆ ಒಂದೊಂದು ಕಣ್ಣೂ ನೋಡಿ ಕಟ್ಟೀನಿ ಸಾ. ಹರ್ದಿರ್ಲಿಲ್ಲ. ಗೋಲೇ."

ಸೋತೆವು. ಬಲೆ ಬಿಚ್ಚಲು ನಮ್ಮವರೊಬ್ಬರೂ ಬರಲಿಲ್ಲ. ಸಿರಾದ ಆಟಗಾರನೊಬ್ಬ ಶಾಬಾಶ್ ಭಾಯಿ ಎನ್ನುತ್ತಾ ಗಂಟಿಗೆ ಕೈ ಹಾಕಿದ. ನನಗೆ ಅವನ ಮೇಲೇ ಸಿಟ್ಟು ಬಂತು. "ಕೈ ತೆಗಿ. ನಾನು ನಿಮ್ ಕಡೆಯೋನಲ್ಲ. ಮುಂದಿನ್ ಸಲ ನೀವು ಸೋಲ್ಲಿ ಅಂತ್ಲೇ ಕೂಗೋದು" ಎಂದೆ. ಅವನು ನಕ್ಕು ಗಂಟು ಬಿಚ್ಚುತ್ತಲೇ ಇದ್ದ.

ಮುಂದಿನ ವರ್ಷ, ಮೈದಾನದ ಕಡೆ ತಲೆ ಹಾಕಬೇಡ ಎಂದು ನಮ್ಮವರು ಹೇಳಿ ಕಳಿಸಿದರು. ಹೋದೆ. ನಿಲ್ಲುವ ಜಾಗದಲ್ಲೇ ನಿಂತೆ. ಪಕ್ಕದವರು ನಾಲ್ಕು ಹೆಜ್ಜೆ ದೂರ ಸರಿದರು. ಕೂಗಲು ಜಾಗ ಚೆನ್ನಾಗಿ ಸಿಕ್ಕಿತು. ಅಂದಿನಿಂದ ನಮ್ಮ ಟೀಮಿನ ಒಂದು ಮ್ಯಾಚನ್ನೂ ಬಿಟ್ಟವನಲ್ಲ.

ಹೋದ ವರ್ಷ ಪಾವಗಡದವರ ಜೊತೆ ಮ್ಯಾಚಿತ್ತು. ಹಳಬರಿಗೆಂದು ಶಾಮಿಯಾನದಡಿ ಕುರ್ಚಿ ಹಾಕಿದ್ದರು. ಟೂರ್ನಮೆಂಟು ನಡೆಸುವವರು ನನ್ನನ್ನೂ ಕರೆದರು. ಆ ಹಳೆಯ ಬ್ಯಾಕ್ ಆಟಗಾರ, ಈಗ ಕೋಲು ಹಿಡಿದವನು, ಮೊದಲೇ ಕೂತಿದ್ದ.

"ಇವನ್ಗ್ಯಾಕ್ಲಾ ಇಲ್ಲಿ ಕುರ್ಚಿ? ಸಿರಾದೋರ ಕಡೆ ಆಕ್ರಿ."

"ಕಾಲ್ ಸಂದೀಲಿ ಚೆಂಡು ಬುಟ್ಟೋನು ನೀನು, ಕಂಡದ್ದು ಹೇಳ್ದೋನು ನಾನು. ಕುರ್ಚಿ ನೀನೇ ಮಡಿಕ" ಎಂದು ಬಿಸಿಲಿಗೆ ಬಂದೆ.

ಪಾವಗಡದವರು ಒಂದು ಗೋಲು ಹಾಕಿದರು. ಆಫ್‌ಸೈಡ್ ಎಂದು ಶಾಮಿಯಾನವಿಡೀ ಎದ್ದು ನಿಂತಿತು. ನಾನು ಗೆರೆಯ ಪಕ್ಕ, ನಮ್ಮ ಕೊನೆಯ ಬ್ಯಾಕ್ ಆಟಗಾರನಿಗೆ ನೇರವಾಗಿ ನಿಂತಿದ್ದೆ. ಅಲ್ಲ, ಸರಿಯಾದ ಗೋಲು ಎಂದು ಅವರಿಗಿಂತ ಜೋರಾಗಿ ಕೂಗಿ ಹೇಳಿದೆ. ಮುಖಗಳೆಲ್ಲ ನನ್ನ ಕಡೆ ತಿರುಗಿದವು. ತಿರುಗಿಕೊಂಡೇ ಇರಲಿ ಎಂದು ಬಿಟ್ಟೆ. ಇನ್ನೂ ಕಾಲು ಗಂಟೆ ಆಟವಿತ್ತು, ನಮ್ಮವರು ಒಂದು ಗೋಲು ಹಿಂದಿದ್ದರು. ಚೆಂಡನ್ನು ಬಲಗಡೆಗೆ ಹಾಕ್ರೋ ಎಂದು ಅರಚುತ್ತಾ ಗೆರೆಯುದ್ದಕ್ಕೂ ನಡೆದೆ.